ಚಾಕಿ ಕೇಂದ್ರದ ಕಂಪ್ಯೂಟರಿಗೆ ಯಜಮಾನ ಯಾರು?

ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಕಳೆದ ಶ್ರಾವಣದಲ್ಲಿ ಒಂದು ಮಹತ್ತರ ಘಟನೆ ನಡೆಯಿತು. ಅಮರನಾಥನ ಕಂಪ್ಯೂಟರ್ ಅವನಿಗೆ ‘ಅನುಮತಿ ಇಲ್ಲ’ ಎಂದಿತು.

ಅವನ ತಾಯಿ ರಾಮಲಕ್ಷ್ಮಮ್ಮನವರದು ಚಾಕಿ ಕೇಂದ್ರ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ, ಎಂದರೆ ಎರಡನೇ ಸಲ ಪೊರೆ ಬಿಡುವುದು, ಕಳೆಯುವವರೆಗೆ ಸಾಕಿ ಸುತ್ತಲಿನ ರೈತರಿಗೆ ಕೊಡುತ್ತಾರೆ. ಹುಳುವಿನ ಕೋಣೆಯ ಶಾಖ, ತೇವ ಎರಡನ್ನೂ ಹಿಡಿತದಲ್ಲಿಡುವುದು ಒಂದು ಲಿನಕ್ಸ್ ಕಂಪ್ಯೂಟರ್. ರೈತರು ಫೋನಿನಿಂದಲೇ ಹುಳು ಬುಕ್ ಮಾಡಲಿ ಎಂದು ಅದರಲ್ಲೇ ಅಮರನಾಥ್ ವೆಬ್ ಸರ್ವರ್ ಕೂರಿಸುತ್ತಿದ್ದ. ಅನುಮತಿ ಇಲ್ಲವೆಂದ ಮೇಲೆ ಅವನು ಸುಮ್ಮನಿರುವ ಪೈಕಿಯಲ್ಲ. ಕೇಂದ್ರದ ಫೈಲುಗಳನ್ನೆಲ್ಲ 777 ಮಾಡಿದ, ಎಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು. ಸರ್ವರನ್ನು ‘ರೂಟ್’ ಹೆಸರಿನಲ್ಲೇ ಓಡಿಸಿದ. ರೂಟ್ ಎಂದರೆ ಕಂಪ್ಯೂಟರಿನ ಯಜಮಾನ. ಅವನಿಗೆ ಎದುರು ಹೇಳುವವರಿಲ್ಲ.

ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಘನ, ಅವನ ಸೋದರಮಾವನ ಮಗಳು, ಅಂದು ಬಂದಿದ್ದಳು.

“ಬಾವ, ಸರ್ವರ್‌ನ ರೂಟಲ್ಲಿ ಓಡಿಸ್ತಾ ಇದ್ದೀಯಾ?”

“ಓಡ್ತಾ ಇದೆ ತಾನೇ? ನಿಮ್ಮ ಕಾಲೇಜಲ್ಲಿ ಓಡಿಸೋದೊಂದು ಬಿಟ್ಟು ಮಿಕ್ಕಿದ್ದೆಲ್ಲ ಹೇಳ್ಕೊಡ್ತೀರ.”

“ಆ ಬುಕಿಂಗ್ ಪುಟದಲ್ಲಿ ಒಂದು ತೂತು ಸಿಕ್ಕಿದ್ರೆ ಸಾಕು. ನುಗ್ಗಿದವನೇ ಯಜಮಾನ ಆಗ್ಬಿಡ್ತಾನೆ.”

“ಹೋಗೇ, ನಮ್ಮ ಹುಳು ನೋಡೋಕೆ ಯಾವನು ಬರ್ತಾನೆ!”

ಮೇಘನ ಎದ್ದಳು. ಚಪ್ಪಲಿ ಮೆಟ್ಟಿಕೊಂಡೇ ಹುಳುವಿನ ಕೋಣೆಯತ್ತ ನಡೆದಳು.

“ಲೇ ಲೇ! ನಿಂತ್ಕೊಳ್ಳೇ!” ಅಮರನಾಥ್ ಕುರ್ಚಿ ಬೀಳಿಸಿಕೊಂಡು ಓಡಿಬಂದ. “ಕಾಲು ತೊಳೀದೇ ಹೋಗ್ತಾಳೆ! ರೋಗ ತಗುಲಿದ್ರೆ ಅಷ್ಟೂ ಹುಳು ಹೋಗ್ತವೆ ಕಣೇ!”

“ಬುಕ್ ಮಾಡೋಕೆ ಬಂದಿದ್ದೀನಿ ಬಾವ.”

“ಬುಕ್ ಮಾಡೋರು ಜಗಲೀಲಿ ಕೂತ್ಕೋತಾರೆ. ಬೀಡಿ ಸೇದ್ತಾರೆ ಅಂತ ನಮ್ಮಪ್ಪನ್ನೇ ಒಳಗೆ ಬಿಡಲ್ಲ.”

“ಹಂಗಾದ್ರೆ ಸರ್ವರ್‌ನೂ ಜಗಲೀಲೇ ಕೂರ್ಸು.”

ಹುಳುಗಳಿಗೆ ಸೊಪ್ಪು ಹೆಚ್ಚುತ್ತಿದ್ದ ರಾಮಲಕ್ಷ್ಮಮ್ಮ ತಲೆಯೆತ್ತಿದರು. “ಏಂ ರಾ ಅಮರ, ಆ ಡಬ್ಬದೊಳಗಿಂದ ಬಂದೋನು ಶಾಖ ಏರಿಸಿ ಹೋದ್ರೆ?”

“ಹೋದ್ರೆ...” ಎಂದ ಅಮರನಾಥ್ ಕೋಣೆಯ ಬಾಗಿಲನ್ನೇ ನೋಡಿದ. “ಒಂದೂ ಉಳಿಯಲ್ಲಮ್ಮ.” ಆಮೇಲೆ ಮೇಘನಳ ಕಡೆ ತಿರುಗಿದ. “ಸರಿ, ಹೇಳು. ಏನ್ ಮಾಡ್ಬೇಕು?”

ಸರ್ವರಿಗೆಂದೇ ಬೇರೆ ಬಳಕೆದಾರ ಹೆಸರು ಮಾಡಿದರು. ಆ ಹೆಸರಿನಲ್ಲಿ ಯಾರೂ ಲಾಗಿನ್ ಆಗುವಂತಿಲ್ಲ. ಬುಕಿಂಗ್ ಬರೆದಿಡುವ ಫೋಲ್ಡರಿನಲ್ಲಿ ಮಾತ್ರ ಅದು ಬರೆಯಬಹುದು. ಶಾಖದ ಫೈಲುಗಳ ಹತ್ತಿರ ಸುಳಿಯುವಂತಿಲ್ಲ. 777 ಎಲ್ಲ ತೆಗೆದರು. ರೂಟ್ ಅಧಿಕಾರ ಕೂರಿಸುವಾಗ ಮಾತ್ರ, ಓಡಿಸುವಾಗ ಅಲ್ಲ.

ಮುಂದಿನ ತಿಂಗಳು ಎಲ್ಲಿಯವನೋ ಒಬ್ಬ ಬುಕಿಂಗ್ ಪುಟದ ಮೂಲಕ ನುಗ್ಗಿ, ಪುಟವನ್ನು ಕೆಡಿಸಿದ. ಅಲ್ಲಿಂದ ಮುಂದಕ್ಕೆ ಅವನಿಗೆ ದಾರಿ ಇರಲಿಲ್ಲ.

ಡೇರಿಯಲ್ಲೋ ಶಾಲೆಯಲ್ಲೋ ಸರ್ವರ್ ಕೂರಿಸುವ ಅಣ್ಣಂದಿರೇ, ಅಕ್ಕಂದಿರೇ, ಕಂಪ್ಯೂಟರ್ ‘ಅನುಮತಿ ಇಲ್ಲ’ ಎಂದರೆ ಸಿಟ್ಟಾಗಬೇಡಿ. ಯಾವ ಫೈಲು, ಯಾರಿಗೆ ಬೇಕು ಎಂದು ನೋಡಿ. ಬೇಕಾದಷ್ಟೇ ಕೊಡಿ. ಒಂದೊಂದು ಸೇವೆಗೂ ಅದರದೇ ಹೆಸರಿರಲಿ.

ರಾಮಲಕ್ಷ್ಮಮ್ಮನವರ ಬುಕಿಂಗ್ ಪುಟ ಎರಡು ದಿನ ಮುಚ್ಚಿತ್ತು. ಹುಳು ಸಾಯಲಿಲ್ಲ.