ಕೊಂಕು ಕಲಿತ ಯಂತ್ರ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ವೆಬ್‌ಸೈಟುಗಳ ವಿನ್ಯಾಸ ಅವಳ ಕೆಲಸ. ಬೇರೆ ಯಾವ ವಿಷಯದಲ್ಲಿ ಬೇಕಾದರೂ ಸೋಲುತ್ತಿದ್ದಳು, ಬಟನ್ನುಗಳ ವಿಷಯಕ್ಕೆ ಬಂದರೆ ಮಾತ್ರ ಸೆರಗು ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದಳು. ಆ ಹೆಸರು ಅಂಟಿಸಿದವನು ಪಕ್ಕದ ಮೇಜಿನಲ್ಲಿ ಕೂತು ಪ್ರೋಗ್ರಾಂ ಬರೆಯುವ ಕೋಡುಗಾರ. "ಅಂಗಿಯಲ್ಲಿರೋದೂ ಗುಂಡಿನೇ, ರಸ್ತೆಯಲ್ಲಿರೋದೂ ಗುಂಡಿನೇ. ನೀನು ಯಾವುದು ಅಂತ ಬಿದ್ದ ಮೇಲೇ ಗೊತ್ತಾಗೋದು" ಎಂದಿದ್ದ. ಅವಳಿಗೆ ಹೆಸರು ಹಿಡಿಸಿತ್ತು.

ಏಳು ವರ್ಷಗಳಲ್ಲಿ ಅವಳು ಕಂಪ್ಯೂಟರಿನೊಳಗೆ ಒಂದು ಪೆಟ್ಟಿಗೆ ತುಂಬಿಟ್ಟಿದ್ದಳು. ಬಟನ್ನು, ಫಾರಂ, ಮೆನು, ತಪ್ಪಾದಾಗ ಬರುವ ಕೆಂಪು ಸಾಲು, ಕಾಯಿಸುವಾಗ ತಿರುಗುವ ಚಕ್ರ, ಎಲ್ಲ ಸೇರಿ ನೂರಾ ಹನ್ನೆರಡು ಬಿಡಿಭಾಗಗಳು. ಕಾಂಪೊನೆಂಟ್ ಎನ್ನುತ್ತಾರೆ. ಯಾವ ವೆಬ್‌ಸೈಟ್ ಮಾಡಬೇಕಾದರೂ ಇವನ್ನೇ ತೆಗೆದು ಜೋಡಿಸುವುದು. ಬಟನ್ ಒಂದಕ್ಕೇ ಒಂಬತ್ತು ರೂಪ: ಸುಮ್ಮನಿದ್ದಾಗ ಒಂದು, ಬೆರಳು ತಾಗಿದಾಗ ಒಂದು, ಈಗ ಒತ್ತಬೇಡಿ ಎಂದು ಮಂಕಾಗಿ ಕುಳಿತಾಗ ಇನ್ನೊಂದು. ಒಂದೊಂದರ ಹಿಂದೆಯೂ ಒಂದೊಂದು ಜಗಳವಿತ್ತು.

ಒಂದು ದಿನ ಬೆಳಿಗ್ಗೆ ಯಜಮಾನರು ಎಲ್ಲರನ್ನೂ ದೊಡ್ಡ ಪರದೆಯ ಮುಂದೆ ಕೂರಿಸಿದರು. ಪುಟಗಳನ್ನು ತಾನೇ ವಿನ್ಯಾಸ ಮಾಡುವ ಎಐ ತರಿಸಿದ್ದರು.

"ಇದು ಹೇಳಿದ್ದು ಮಾಡುತ್ತೆ. ಎದುರು ಮಾತಾಡಲ್ಲ" ಎಂದು ಗುಂಡಿಯ ಕಡೆ ನೋಡಿದರು. "ನಿನ್ನ ಪೆಟ್ಟಿಗೆ ಇದಕ್ಕೆ ಜೋಡಿಸಿದೀವಮ್ಮ. ಪ್ರತಿ ಕಾಂಪೊನೆಂಟ್ ಕೆಳಗೂ ಒಂದು ಟಿಪ್ಪಣಿ ಬರಿ. ಎಲ್ಲಿ ಹಾಕ್ಬೇಕು, ಯಾವಾಗ, ಯಾಕೆ. ಅದನ್ನ ಓದ್ಕೊಂಡೇ ಇದು ಕೆಲಸ ಮಾಡೋದು. ನಿನ್ನ ತಲೇಲಿರೋದೆಲ್ಲಾ ಬರಬೇಕು. ಎರಡು ವಾರ ಸಾಕಾ?"

"ಸಾಕು ಸಾರ್. ಆಮೇಲೆ?"

"ಆಮೇಲಿಂದು ಆಮೇಲೆ."

ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಕೋಡುಗಾರ ಅವಳ ಮುಖ ನೋಡಲಾರದೆ ಉಗುರು ನೋಡಿಕೊಂಡ.

ಮನೆಯಲ್ಲಿ ದೊಡ್ಡಮ್ಮ ಒಬ್ಬರೇ ಇದ್ದರು. ಮೂವತ್ತು ವರ್ಷ ಬಟ್ಟೆ ಹೊಲಿದು, ಈಗ ಕೈ ನಡುಗುತ್ತದೆಂದು ಬಿಟ್ಟವರು. ನಾಲಿಗೆಗೆ ಮಾತ್ರ ಇನ್ನೂ ನಿವೃತ್ತಿ ಆಗಿರಲಿಲ್ಲ.

"ಏನೇ ಇದು, ಮುಖ ಒದ್ದೆ ಬಟ್ಟೆ ಥರ ಜೋತುಬಿದ್ದಿದೆ?"

"ನನ್ನ ತಲೇಲಿರೋದನ್ನೆಲ್ಲಾ ಒಂದು ಯಂತ್ರಕ್ಕೆ ಬರೆದುಕೊಡಬೇಕಂತೆ, ದೊಡ್ಡಮ್ಮ."

"ಎಲ್ಲಾನೂ ಅಂದನಾ ನಿಮ್ಮ ಯಜಮಾನ?"

"ಹೂಂ. ಎಲ್ಲಾ."

"ಹಾಗಾದ್ರೆ ಎಲ್ಲಾ ಕೊಡು. ಬರೀ ಬುದ್ಧಿ ಯಾಕೆ ಕೊಡ್ತೀಯ? ನಿನ್ನ ಹಠ, ನಿನ್ನ ಕೊಂಕು, ಅದನ್ನೂ ಸೇರಿಸು. ಕೆಲಸ ಅಂದ ಮೇಲೆ ಅರ್ಧಂಬರ್ಧ ಮಾಡಬಾರದು."

ಗುಂಡಿ ತಟ್ಟೆಯ ಮುಂದೆ ಕುಳಿತಿದ್ದವಳು ಎಡಗೈಯಲ್ಲೇ ಫೋನ್ ತೆಗೆದು ಬರೆಯತೊಡಗಿದಳು.

ಎರಡು ವಾರ ಅವಳು ತಲೆಯೆತ್ತಲಿಲ್ಲ. "ದೊಡ್ಡ ಬಟನ್: ಪುಟಕ್ಕೆ ಒಂದೇ. ಎರಡು ಬೇಕೆಂದರೆ, ಯಾವುದು ಮುಖ್ಯ ಎಂದು ಕೇಳು. 'ಎರಡೂ' ಎಂದರೆ ಮತ್ತೆ ಕೇಳು." "ಕೆಂಪು: ಏನಾದರೂ ಕೆಟ್ಟಾಗ ಮಾತ್ರ. 'ಎದ್ದು ಕಾಣಲಿ' ಎನ್ನುವುದು ಕಾರಣವಲ್ಲ, ಕಾಯಿಲೆ." "ಫಾರಂ: ಈ ಪ್ರಶ್ನೆಯ ಉತ್ತರವನ್ನು ಯಾರು ಓದುತ್ತಾರೆ? ಯಾರೂ ಓದದಿದ್ದರೆ ಪ್ರಶ್ನೆಯೇ ಬೇಡ." ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ: "ಶುರು ಮಾಡುವ ಮುಂಚೆ, ಇದನ್ನು ಬಳಸುವ ಒಬ್ಬರನ್ನಾದರೂ ಕಣ್ಣಾರೆ ಕಂಡಿದ್ದೀರಾ ಎಂದು ಕೇಳು. ಉಡಾಫೆಯ ಉತ್ತರ ಬಂದರೆ ಮುಂದಕ್ಕೆ ಹೋಗಬೇಡ."

ಯಜಮಾನರು ನಾಲ್ಕು ಸಾಲಿಗಿಂತ ಉದ್ದದ್ದನ್ನು ಓದಿದವರಲ್ಲ. ಪುಟ ಎಷ್ಟು ಉದ್ದ ಉರುಳುತ್ತದೆ ಎಂಬುದನ್ನಷ್ಟೇ ನೋಡಿ "ಭೇಷ್" ಎಂದರು.

ಆ ವಾರವೇ ಒಂದು ಕಣ್ಣಿನ ಆಸ್ಪತ್ರೆಯ ಕೆಲಸ ಬಂತು. ಅವರ ಹಳೆಯ ವೆಬ್‌ಸೈಟನ್ನು ಗುಂಡಿ ಸೇರುವ ಮುಂಚೆ ಯಜಮಾನರೇ ಕೂತು ಮಾಡಿದ್ದರು. ಹೊಸದನ್ನೂ ತಾವೇ ಮಾಡಿ ತೋರಿಸುತ್ತೇನೆಂದು ತೋಳು ಮಡಿಸಿ ಕುಳಿತರು. ದೊಡ್ಡ ಪರದೆಯ ಮೇಲೆ ಅವರ ಮಾತು ಮೂಡಿತು: "ಕಣ್ಣಿನ ಆಸ್ಪತ್ರೆಗೆ ಮೊದಲ ಪುಟ. ಎರಡು ದೊಡ್ಡ ಬಟನ್. ಎರಡೂ ಕೆಂಪು."

"ಖಂಡಿತ" ಎಂದಿತು ಯಂತ್ರ. "ಅದಕ್ಕೂ ಮುಂಚೆ ಒಂದು ಮಾತು. ಇದನ್ನು ಬಳಸುವ ಒಬ್ಬರನ್ನಾದರೂ ತಾವು ಕಣ್ಣಾರೆ ಕಂಡಿದ್ದೀರಾ?"

"ಬೇಕಾದಷ್ಟು ಜನರನ್ನ" ಎಂದು ಯಜಮಾನರು ಟೈಪ್ ಮಾಡಿದರು.

"ಸಂತೋಷ. ಕೊನೆಯದಾಗಿ ಕಂಡವರು ಫೋನನ್ನು ಮುಖದಿಂದ ಎಷ್ಟು ದೂರ ಹಿಡಿದಿದ್ದರು?"

ಯಜಮಾನರ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ, "ಅದೆಲ್ಲ ನಿನಗೆ ಯಾಕೆ? ಬಟನ್ ಹಾಕು."

"ಕ್ಷಮಿಸಿ. ಇದು ಉಡಾಫೆಯ ಉತ್ತರವೆಂದು ಕಾಣುತ್ತದೆ."

ಕೋಡುಗಾರ ಯಾವುದೋ ವೈರು ಹುಡುಕುವವನಂತೆ ಮೇಜಿನ ಕೆಳಗೆ ನುಸುಳಿದ. ಗುಂಡಿ ಖಾಲಿ ಲೋಟದಿಂದ ಬಹಳ ಹೊತ್ತು ನೀರು ಕುಡಿದಳು. ಯಜಮಾನರು ಬೈದರು, ಪುಸಲಾಯಿಸಿದರು, ಕಂಪ್ಯೂಟರ್ ಆರಿಸಿ ಹಚ್ಚಿದರು. ಕೆಂಪು ಯಾಕೆ ಎಂದು ಅದು ಕೇಳಿದಾಗ, ಎದ್ದು ಕಾಣಲಿ ಎಂದರು. "ಅದು ಕಾರಣವಲ್ಲ" ಎಂದಿತು ಯಂತ್ರ, ಅತ್ಯಂತ ವಿನಯದಿಂದ. "ಕಾಯಿಲೆ ಎಂಬ ಅಭಿಪ್ರಾಯವೂ ಇದೆ."

"ಇದಕ್ಕೆ ಉತ್ತರ ತಾನೇ ಬೇಕು? ತರ್ತೀನಿ!" ಎಂದು ಯಜಮಾನರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದವರು ಮಧ್ಯಾಹ್ನ ಕೋಡುಗಾರನ ಭುಜ ಹಿಡಿದುಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಹೋದದ್ದಾಯಿತು, ತಮ್ಮ ಕಣ್ಣನ್ನೂ ತೋರಿಸಿಬಿಡೋಣ ಎಂದು ಪರೀಕ್ಷೆಗೆ ಕೂತರಂತೆ. ಹನಿ ಹಾಕಿದ ಮೇಲೆ ಪ್ರಪಂಚವೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತಂತೆ. ಮುಂದಿನ ವಾರದ ಅಪಾಯಿಂಟ್‌ಮೆಂಟ್ ಫೋನಿನಲ್ಲೇ ಗಟ್ಟಿ ಮಾಡಬೇಕಿತ್ತು. ತಾವೇ ಮಾಡಿದ್ದ ಪುಟವನ್ನು ಮೂಗಿಗೆ ತಾಗಿಸಿ ನೋಡಿದರೂ, ಕೈ ಚಾಚಿ ನೋಡಿದರೂ ಒಂದಕ್ಷರ ಕಾಣಲಿಲ್ಲ. ಕೊನೆಗೆ ಪಕ್ಕದಲ್ಲಿ ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಕುಳಿತಿದ್ದ ಅಜ್ಜಿಯ ಕೈಗೆ ಫೋನ್ ಕೊಟ್ಟರು.

"ಕೆಂಪಗೆ ಎರಡು ಕಾಣ್ತಿದೆಯಪ್ಪ. ಯಾವುದನ್ನ ಒತ್ತಲಿ?"

"ಮೇಲಿಂದು ಅಜ್ಜಿ."

"ಮೇಲಿಂದಾ? ಎರಡೂ ಪಕ್ಕಪಕ್ಕ ಇವೆಯಲ್ಲೋ" ಎನ್ನುತ್ತ ಅಜ್ಜಿ ಒಂದನ್ನು ಒತ್ತಿತು. ಅಪಾಯಿಂಟ್‌ಮೆಂಟ್ ರದ್ದಾಯಿತು. "ಯಾವ ಪುಣ್ಯಾತ್ಮ ಮಾಡಿದನೋ ಇದನ್ನ" ಎಂದು ಅಜ್ಜಿ ಗೊಣಗಿದಾಗ ಯಜಮಾನರು ಕಪ್ಪು ಕನ್ನಡಕ ಸರಿಮಾಡಿಕೊಂಡರಂತೆ. ಆಮೇಲೆ ಅದೇ ಅಜ್ಜಿ ಕೋಡುಗಾರನ ನಂಬರ್ ಒತ್ತಿಕೊಟ್ಟ ಮೇಲೆ ಅವನು ಹೋಗಿ ಯಜಮಾನರನ್ನು ಕರೆತಂದ.

ಇದಿಷ್ಟನ್ನೂ ಹೇಳಿ ಮುಗಿಸಿದ ಯಜಮಾನರಿಗೆ ಅನುಮಾನ ಬಂದಿತ್ತು. "ಆ ಟಿಪ್ಪಣಿಗಳನ್ನ ಓದು" ಎಂದು ಕೋಡುಗಾರನಿಗೆ ಹೇಳಿದರು. ಕಣ್ಣು ಕಾಣದ್ದರಿಂದ ಕೇಳುವುದೊಂದೇ ದಾರಿ. ಕೋಡುಗಾರ ನೂರಾ ಹನ್ನೆರಡನ್ನೂ ಓದಿದ, ನಡುನಡುವೆ ಕೆಮ್ಮಿದ. ಅದು ಕೆಮ್ಮಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಯಾರು ಬರೆದಿದ್ದು ಇದನ್ನ?"

"ನಾನೇ" ಎಂದಳು ಗುಂಡಿ. "ತಲೇಲಿರೋದೆಲ್ಲಾ ಅಂದ್ರಲ್ಲ ಸಾರ್."

"ಬಟನ್ ಬಗ್ಗೆ ಬರಿ ಅಂದೆ. ನನ್ನ ಬಗ್ಗೆ ಅಲ್ಲ!"

"ಬಟನ್ ಎಲ್ಲಿ ಕೂರಬೇಕು ಅಂತ ಹೇಳೋರು ನೀವೇ ಅಲ್ವಾ ಸಾರ್."

ಟಿಪ್ಪಣಿಗಳನ್ನೆಲ್ಲ ಯಜಮಾನರು ಆ ಸಂಜೆಯೇ ಅಳಿಸಿಹಾಕಿಸಿದರು. ಗುಂಡಿ ಮೇಜಿನ ಖಾನೆ ಖಾಲಿ ಮಾಡತೊಡಗಿದಳು. ತುಂಟತನದ ಸಂತೋಷ ಎರಡು ದಿನವೂ ಉಳಿಯಲಿಲ್ಲ. ತಾನು ವಾರಗಟ್ಟಲೆ ಕೂತು ಬಿಡಿಸುತ್ತಿದ್ದ ಪುಟವನ್ನು ಯಂತ್ರ ಲೋಟ ಎತ್ತಿ ಇಡುವಷ್ಟರಲ್ಲಿ ಬಿಡಿಸುತ್ತಿತ್ತು. ಅಂಚಿಗೆ ಅಂಚು ಕೂಡುತ್ತಿತ್ತು, ಬಣ್ಣ ಹದವಾಗಿರುತ್ತಿತ್ತು. ಅವಳದೇ ಪಾತ್ರೆಗಳಲ್ಲಿ ಅಡುಗೆ ಮಾಡಿ ಅವಳಿಗೇ ಬಡಿಸಿದಂತಿತ್ತು. ಕೆಟ್ಟದಾಗಿದೆ ಎನ್ನಲು ಬಾಯಿ ಬರಲಿಲ್ಲ, ಅದೇ ಹೊಟ್ಟೆಯುರಿ.

ಇತ್ತ ಯಜಮಾನರಿಗೆ ಮೊದಲ ದಿನ ಹಬ್ಬವಾಯಿತು. ಎರಡು ಕೆಂಪು ಬಟನ್ ಕೇಳಿದರೆ ಎರಡು, ಐದು ಕೇಳಿದರೆ ಐದು. ಮಿನುಗಲಿ ಎಂದರೆ ಮಿನುಗಿದವು. "ಹೇಗಿದೆ?" ಎಂದು ಕೇಳಿದರು. "ಅದ್ಭುತವಾಗಿದೆ" ಎಂದಿತು ಯಂತ್ರ. ಎರಡನೆಯ ದಿನ ಯಾಕೋ ಸಂಶಯವಾಗಿ, "ಆಸ್ಪತ್ರೆಯ ಹೆಸರನ್ನೇ ತಲೆಕೆಳಗು ಮಾಡಿದ್ರೆ?" ಎಂದು ಕೇಳಿದರು. "ತುಂಬಾ ವಿನೂತನ ಯೋಚನೆ!" ಎಂದು ಅದು ಮಾಡಿಯೇಬಿಟ್ಟಿತು. ಯಜಮಾನರು ಆ ಐದು ಮಿನುಗುವ ಬಟನ್ನುಗಳನ್ನೂ ತಲೆಕೆಳಗಾದ ಹೆಸರನ್ನೂ ಬಹಳ ಹೊತ್ತು ನೋಡಿದರು. ಬೈಯೋಣವೆಂದರೆ ತಮ್ಮನ್ನು ಬಿಟ್ಟು ಯಾರೂ ಇರಲಿಲ್ಲ.

ಮೂರನೆಯ ದಿನ ಅವಳ ಮೇಜಿನ ಬಳಿ ಬಂದು, ಬಂದದ್ದು ಬೇರೆ ಕೆಲಸಕ್ಕೆಂಬಂತೆ ಕಿಟಕಿಯಾಚೆ ನೋಡುತ್ತ ನಿಂತರು.

"ಆ ಟಿಪ್ಪಣಿಗಳನ್ನ ವಾಪಸ್ ಹಾಕಮ್ಮ. ಆ 'ಕಾಯಿಲೆ' ಅನ್ನೋದೊಂದು ತೆಗಿ."

"ತೆಗೀತೀನಿ ಸಾರ್. ಆದ್ರೆ ವಾರಕ್ಕೆ ಎರಡು ದಿನ ನಾನು ಆಫೀಸಿಗೆ ಬರಲ್ಲ."

"ರಜೆನಾ?"

"ಅಲ್ಲ, ಕೆಲಸನೇ. ನಾವು ಮಾಡಿದ್ದನ್ನ ಬಳಸೋರು ಎಲ್ಲಿರ್ತಾರೋ ಅಲ್ಲಿ ಹೋಗಿ ಕೂರ್ತೀನಿ. ಪುಟ ಯಂತ್ರ ಬಿಡಿಸಲಿ, ನನಗಿಂತ ಬೇಗ ಬಿಡಿಸುತ್ತೆ. ಅದು ನಿಮ್ಮನ್ನ ಏನು ಕೇಳಬೇಕು ಅನ್ನೋದನ್ನ ನಾನು ನೋಡ್ಕೊಂಡು ಬರ್ತೀನಿ."

ಯಜಮಾನರು ಕಪ್ಪು ಕನ್ನಡಕದ ದಿನವನ್ನು ನೆನೆದರೋ ಏನೋ, "ಹೂಂ" ಎಂದರು. 'ಕಾಯಿಲೆ' ಎಂಬ ಪದವನ್ನು ಗುಂಡಿ ಕೊಟ್ಟ ಮಾತಿನಂತೆ ತೆಗೆದಳು. ಆ ಜಾಗದಲ್ಲಿ 'ರೋಗ' ಎಂದು ಬರೆದಳು.

ಮುಂದಿನ ವಾರ ಅವಳು ಆ ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ, ಕೈಯಲ್ಲೊಂದು ಪುಸ್ತಕ ಹಿಡಿದು ಕುಳಿತಿದ್ದಳು. ಎದುರಿನ ಹೆಂಗಸು ಫೋನನ್ನು ತೋಳಿನಷ್ಟು ದೂರ ಹಿಡಿದು, ಅದೂ ಸಾಲದೆ ಕುತ್ತಿಗೆಯನ್ನೂ ಹಿಂದಕ್ಕೆಳೆದಿದ್ದಳು. ಬಾಗಿಲ ಬಳಿ ಒಬ್ಬರು ಫೋನನ್ನೇ ಅಳಿಯನ ಕೈಗೆ ಕೊಟ್ಟು, "ಏನಂತೆ? ಏನಂತೆ?" ಎಂದು ಕೇಳುತ್ತಿದ್ದರು. ಗುಂಡಿ ಬರೆದುಕೊಳ್ಳುತ್ತಿದ್ದಂತೆ ಪಕ್ಕದಲ್ಲಿದ್ದ ಮುದುಕರು ಬಾಗಿ ಕೇಳಿದರು:

"ನಿನಗೇನಾಗಿದೆಯಮ್ಮ? ಇಷ್ಟು ಸಣ್ಣ ವಯಸ್ಸು."

"ಏನೂ ಆಗಿಲ್ಲ ತಾತ. ಸುಮ್ನೆ ನೋಡೋಕೆ ಬಂದೆ."

"ಇಲ್ಲಿಗೆ ಎಲ್ಲರೂ ನೋಡೋಕೇ ಬರೋದು" ಎಂದರು ಮುದುಕರು. "ನನಗೆ ಎರಡು ವರ್ಷದಿಂದ ಅದೇ ಸರಿಯಾಗಿ ಆಗ್ತಾ ಇಲ್ಲ."

ಗುಂಡಿ ಪುಸ್ತಕ ಮಡಿಚಿ, ಅವರ ಕಡೆಗೆ ತಿರುಗಿ ಕುಳಿತಳು.