ಬ್ಯಾಗಿನಲ್ಲಿ ಎರಡು ಅಚ್ಚು ಬೆಲ್ಲ

ಮದುವೆಯಾದ ಹನ್ನೊಂದು ವರ್ಷದಲ್ಲಿ ನನ್ನ ಗಂಡ ಶಶಿಧರ ತಾವಾಗಿ ಎಲ್ಲಿಗಾದರೂ ಹೋಗೋಣ ಎಂದವರಲ್ಲ. ಅಂಥವರು ವೇಲ್ಸಿನ ಕಡಲಂಚಿನ ಫಾರ್ಮೊಂದರಲ್ಲಿ ಮೂರು ದಿನಕ್ಕೆ ಕೋಣೆ ಬುಕ್ ಮಾಡಿದರೆ ಅನುಮಾನ ಬರದೆ ಇರುತ್ತದೆಯೇ? ಮೂರು ಕಡೆ ಸಮುದ್ರವಂತೆ, ದನಕರು ಇವೆಯಂತೆ. ಧಾರವಾಡದಿಂದ ಬಂದು ಇಲ್ಲಿ ನೆಲೆಸಿದ ನಾವು ದನ ನೋಡಲು ವೇಲ್ಸಿಗೆ ಹೋಗಬೇಕೆ!

ಎರಡು ಸಲ ತಾರೀಖು ಬದಲಾಯಿತು. ಯಾಕೆಂದು ಕೇಳಿದರೆ, “ಸುಮ್ನ, ಅವರಿಗೆ ಅನುಕೂಲ ಇಲ್ಲಂತ” ಎಂದರು. ಪ್ರತಿ ಶನಿವಾರ ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಗೆ ಹೋಗಿ, ಬಾಗಿಲೆಳೆದುಕೊಂಡು ಫೋನು. ಪರದೆಯ ಮೇಲೆ ಕ್ಯಾರಿಸ್ ಎಂಬ ಹೆಣ್ಣು ಹೆಸರು. ಒಳಗೆ ಬರುವಾಗ ಮುಖದಲ್ಲಿ ಕಳ್ಳನಗೆ.

ಅವ್ವ ತೀರಿಕೊಂಡು ಐದು ತಿಂಗಳಾಗಿತ್ತು. ನಾನು ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ, ನಿಜ. ಅಷ್ಟಕ್ಕೇ ಬೇರೆ ಯಾರನ್ನೋ ಹುಡುಕಿಕೊಂಡರೇ?

ಗುರುವಾರ ಅವರ ಬ್ಯಾಗು ತಡಕಿದೆ. ಕಿಂಗ್ಸ್‌ಬರಿಯ ಅಂಗಡಿಯಿಂದ ತಂದ ಎರಡು ಅಚ್ಚು ಬೆಲ್ಲ, ಒಂದು ಪೊಟ್ಟಣ ಏಲಕ್ಕಿ. ಚಹಾ ಕುದಿಸಲು ಬಾರದ ಗಂಡಸು ಇದನ್ನೆಲ್ಲ ಯಾರಿಗೆ ಒಯ್ಯುತ್ತಿದ್ದಾನೆ?

ಶುಕ್ರವಾರ ಕ್ಯಾನರಿ ವಾರ್ಫ್‌ನ ನನ್ನ ಆಫೀಸಿನ ಮೆಟ್ಟಿಲಲ್ಲಿ ನಿಂತು ಫಾರ್ಮಿಗೆ ಫೋನು ಮಾಡಿದೆ.

“ನಾನು ಅನ್ವಿತಾ, ಶಶಿಧರ ಅವರ ಹೆಂಡತಿ. ನಾಳೆ ನಾವು ಬರುವುದಿಲ್ಲ. ಬುಕಿಂಗ್ ರದ್ದು ಮಾಡಿ.” ಹೆಂಡತಿ ಎಂಬುದನ್ನು ಒತ್ತಿಯೇ ಹೇಳಿದೆ.

“ಅಯ್ಯೋ,” ಎಂದಿತು ಒಂದು ಮುದಿ ದನಿ. “ನಾನು ಕ್ಯಾರಿಸ್, ಈ ಫಾರ್ಮಿನವಳು. ಈಗಷ್ಟೇ ನಿಮ್ಮ ಯಜಮಾನರಿಗೆ ಫೋನು ಮಾಡುವವಳಿದ್ದೆ. ಎರಡು ವಾರ ಕಾಯಿಸಿದ ಹಸು ಇವತ್ತು ಬೆಳಿಗ್ಗೆ ಈಯಿತು. ಕರು ಕುಡಿದು ಉಳಿದ ಮೊದಲ ಹಾಲನ್ನು ಎರಡು ಬಾಟಲಿ ತೆಗೆದಿಟ್ಟಿದ್ದೇನೆ. ನಿಮ್ಮ ತಾಯಿ ಅದರಲ್ಲಿ ಏನೋ ಸಿಹಿ ಮಾಡುತ್ತಿದ್ದರಂತಲ್ಲ?”

ಗಿಣ್ಣ! ಅವ್ವ ಹೋದ ಸುದ್ದಿ ಬಂದ ದಿನ, “ಇನ್ನ ನನಗ ಗಿಣ್ಣ ಯಾರು ಮಾಡಿ ಕೊಡ್ತಾರ?” ಎಂದು ಗಂಡನೆದುರು ಅತ್ತಿದ್ದೆ. ನಾನೇ ಅದನ್ನು ಮರೆತಿದ್ದೆ. ನಾಚಿಕೆಯಾಗಿ ಮೆಟ್ಟಿಲ ಮೇಲೇ ಕೂತುಬಿಟ್ಟೆ.

“ಕೋಣೆ ಹಾಗೇ ಇರಲಿ,” ಎಂದೆ. “ನಾವು ಬರುತ್ತೇವೆ. ನಾನು ಫೋನು ಮಾಡಿದ್ದನ್ನು ಮಾತ್ರ ಅವರಿಗೆ ಹೇಳಬೇಡಿ.”

ಸಂಜೆ ಅವರು ಬ್ಯಾಗಿನ ಜಿಪ್ ಎಳೆಯುತ್ತಿದ್ದರು. ಅಡುಗೆಮನೆಯಿಂದ ಇನ್ನೊಂದು ಅಚ್ಚು ಬೆಲ್ಲ ತಂದು ಒಳಗಿಟ್ಟೆ.

“ಎರಡು ಸಾಲೂದಿಲ್ಲರೀ. ಅವ್ವ ಮೂರು ಹಾಕತಿದ್ಲು.”

ಅವರು ಬೆಲ್ಲ ನೋಡಿದರು, ನನ್ನ ಮುಖ ನೋಡಿದರು. “ನನ್ನ ಬ್ಯಾಗ್ ತಡಕ್ಯಾಡಿದೇನು?”

“ಹೂನ್ರೀ,” ಎಂದೆ. ಐದು ತಿಂಗಳ ಮೇಲೆ ಅವರ ಹೆಗಲಿಗೊರಗಿ ಜೋರಾಗಿ ಅತ್ತೆ.