ಸಾಕ್ಷಿಯ ಎಡಗಾಲು

ಹೆಲ್ಮೆಟ್ಟಿನ ಜಾಲರಿಯೊಳಗಿಂದ ಸಾಕ್ಷಿಯ ಮುಖ ನಾಲ್ಕು ತುಂಡು, ಬೆವರು ಕಣ್ಣಿಗಿಳಿದು ಉರಿ, ಒರೆಸಿಕೊಳ್ಳೋಣವೆಂದರೆ ಕೈಗವಸು ದಿಂಬಿನಷ್ಟು ದಪ್ಪ — ಒಂದಕ್ಕೊಂದು ಗೋಲು, ಕೊನೆಯ ನಿಮಿಷ, ಪೆನಾಲ್ಟಿ ಸ್ಟ್ರೋಕ್, ಸಿಂದಗಿಯ ಈ ಹಾಕಿ ಮೈದಾನದಲ್ಲಿ ಈಗ ಇರುವುದು ಇಬ್ಬರೇ, ಇಂಡಿ ತಾಲೂಕಿನ ಗೋಲ್‌ಕೀಪರ್ ಶಿವಾನಿ, ಮುದ್ದೇಬಿಹಾಳದ ಸಾಕ್ಷಿ, ಮುದ್ದೇಬಿಹಾಳದವಳಂತೆ, ಹೋದ ವರ್ಷದವರೆಗೆ ಇಂಡಿ ಹಾಸ್ಟೆಲಿನಲ್ಲಿ ಇವಳ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು, ಮಾಸ್ತರ ಅಪ್ಪನಿಗೆ ವರ್ಗವಾಯಿತು, ಅಂಗಿಯ ಬಣ್ಣ ಬದಲಾಯಿತು. ತಡೆದರೆ ಆಟ ಉಳಿಯಿತು, ಬಿಟ್ಟರೆ ಮುಗಿಯಿತು, ಮುಂದಿನ ವರ್ಷ ವಯಸ್ಸು ದಾಟುತ್ತದೆ, ಈ ಪ್ಯಾಡು ಇನ್ಯಾರದೋ ಕಾಲಿಗೆ. ಚೆಂಡು ನೋಡಬ್ಯಾಡವಾ, ಚೆಂಡು ನೋಡಿದಿ ಅಂದ್ರ ತಡಾ ಆತು, ಕಾಲು ನೋಡು, ಸೊಂಟ ನೋಡು, ಕೋಚ್ ಪರಮಾನಂದ ಸರ್ ಮೊಬೈಲಿನಲ್ಲಿ ವಿಡಿಯೊ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು, ಹಿಂಗಾಲಿನ ಭಾರ ಮುಂಗಾಲಿಗೆ ಬರುತ್ತದೆ, ಸೊಂಟ ತಿರುಗುತ್ತದೆ, ಕೋಲು ಎಲ್ಲಕ್ಕೂ ಕೊನೆಗೆ. ಸಾಕ್ಷಿಯದು ಇನ್ನೂ ಸಲೀಸು, ಊರಿದ ಎಡಗಾಲಿನ ಬೂಟಿನ ತುದಿ ಎತ್ತ ತಿರುಗಿತೋ ಚೆಂಡು ಅತ್ತಲೇ, ಹತ್ತರಲ್ಲಿ ಒಂಬತ್ತು ತಡೆಯುತ್ತಿದ್ದಳು ಶಿವಾನಿ, ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಬಿಟ್ಟಳಲ್ಲ, ಸಾಕ್ಷಿ ಹೊರಟ ದಿನ, ಹೊರ್ತಿಯಿಂದ ಅವ್ವ ಕಳಿಸಿದ್ದ ರೊಟ್ಟಿ, ಶೇಂಗಾ ಹಿಂಡಿ, ಸಾಕ್ಷಿ ಅಳುತ್ತಲೇ ತುತ್ತು ಮುರಿಯುತ್ತ, ನನ್ನ ಚೆಂಡು ನಿನಗ ಮೊದ್ಲೇ ಹೆಂಗ ತಿಳಿತೈತಿ, ಇವತ್ತರ ಖರೇ ಹೇಳು, ಶಿವಾನಿ ಅವಳ ಕಣ್ಣೊರೆಸುತ್ತ, ನಿನ್ನ ಎಡಗಾಲು ಹೇಳ್ತೈತಿ ಹುಚ್ಚಿ, ಅಂದುಬಿಟ್ಟಳು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ. ಒಂದು ವರ್ಷ, ಅಷ್ಟೂ ದಿನ ಕಾಲು ತಿದ್ದಿಕೊಂಡಿರುತ್ತಾಳೆ, ಇತ್ತ ತೋರಿಸಿ ಅತ್ತ ಹೊಡೆಯುವುದನ್ನು ಕಲಿತಿರುತ್ತಾಳೆ, ತಾನಾದರೆ ಬಿಡುತ್ತಿದ್ದಳೇ — ಉಂಡ ಮನೆಗೆ ಎರಡು ಬಗೆಯುವವಳಲ್ಲ ಅವಳು — ಆಟದಲ್ಲಿ ಯಾವ ಮನೆ, ಯಾವ ಊಟ. ಬೆಳಿಗ್ಗೆ ನಳದ ಹತ್ತಿರ ಸಿಕ್ಕಳು, ಆರಾಮ ಅದಿಯೇನ ಅಂದಳು, ಮುಖ ನೋಡಲಿಲ್ಲ, ಯಾಕೆ ನೋಡಲಿಲ್ಲ? ಸೀಟಿ. ಒಂದು ಹೆಜ್ಜೆ, ಎಡಗಾಲು ಊರಿತು, ತುದಿ ತಿರುಗಿದ್ದು ಶಿವಾನಿಯ ಬಲಕ್ಕೆ, ಸುಳ್ಳು, ಸುಳ್ಳು ತೋರಿಸುತ್ತಿದ್ದಾಳೆ, ಬಲಕ್ಕೆ ಹೊರಟಿದ್ದ ಮೈಯನ್ನು ಎಳೆದು ಎಡಕ್ಕೆ ಬಿದ್ದಳು, ಖಾಲಿ ನೆಲದ ಮೇಲೆ, ಬೆನ್ನ ಹಿಂದೆ ಬಲಮೂಲೆಯ ಹಲಗೆಗೆ ಚೆಂಡು ಬಡಿದ ಸದ್ದು. ತಿದ್ದಿಕೊಂಡಿರಲಿಲ್ಲ. ಒಂದು ವರ್ಷ, ಗೊತ್ತಿದ್ದೂ, ತಿದ್ದಿಕೊಂಡಿರಲಿಲ್ಲ. ಮುದ್ದೇಬಿಹಾಳದವರು ಕೂಗುತ್ತ ಓಡಿ ಬರುತ್ತಿದ್ದಾರೆ, ಸಾಕ್ಷಿ ಮಾತ್ರ ಕದಲದೆ ನಿಂತಿದ್ದಾಳೆ, ಯಾಕ ಶಿವಾನಿ, ನಿನಗ ಗೊತ್ತಿತ್ತಲ್ಲ, ಅನ್ನುತ್ತಿದ್ದಾಳೆ, ಶಿವಾನಿ ತಲೆಯೆತ್ತಲಾರಳು, ಬಿದ್ದಲ್ಲಿಂದ ಕಾಣುವುದು ಅದೊಂದೇ, ಧೂಳು ಮೆತ್ತಿದ ಬೂಟಿನ ತುದಿ, ಇನ್ನೂ ಬಲಕ್ಕೇ, ಬಲಕ್ಕೇ ತಿರುಗಿರುವ ಬೂಟಿನ ತುದಿ